ಹಗ್ಗ ಹಿಡಿದವರ ಪಾಲು

ಆ ಬೆಳಿಗ್ಗೆ ಗಾಳಿ ಬಿದ್ದಿತ್ತು. ಒಂಬತ್ತು ದಿನ ಮೂಡಣದಿಂದ ಮರಳು ಎರಚುತ್ತಲೇ ಇದ್ದ ಗಾಳಿ ನಸುಕಿನಲ್ಲಿ ಯಾರೋ ಬಾಗಿಲು ಹಾಕಿಕೊಂಡಂತೆ ನಿಂತುಹೋಗಿ, ಕೊಲ್ಲಿಯ ನೀರು ಎಣ್ಣೆ ಸವರಿದ ಕಾವಲಿಯ ಹಾಗೆ ನುಣ್ಣಗೆ ಮಲಗಿತ್ತು. ಮೋಡವಿಲ್ಲ, ಮಂಜಿಲ್ಲ. ತಳದ ಕಲ್ಲು ಕೂಡ ಕಾಣುವಂಥ ಬೆಳಕು. ಮೀನು ಕಾಯುವವನಿಗೆ ಇಂಥ ದಿನವನ್ನು ದೇವರೇ ಕೊಡಬೇಕು.

"ಅಯ್ಯೋ ಬೇಡ ಬೇಡ, ಹತ್ರ ಬರ್ಬೇಡಿ. ಅಲ್ಲೇ ನಿಂತ್ಕೊಳ್ಳಿ" ಎಂದರು ಸುಲೋಚನಾ ಮೇಡಂ, ದುಪಟ್ಟಾ ಮೂಗಿಗೆ ಹಿಡಿದು. "ತಪ್ಪು ತಿಳ್ಕೋಬೇಡಿ ಬಾಲಕೃಷ್ಣ. ಮಡಿ ಗಿಡಿ ಅಂತಲ್ಲ. ವಾಸನೆ ಅಷ್ಟೇ. ಕಾರ್ ಸೀಟಿಗೆ ಹಿಡಿದ್ರೆ ಹೋಗೋದೇ ಇಲ್ಲ."

ಕಾರಿನ ಡಿಕ್ಕಿಯಿಂದ ಊಟದ ಪೆಟ್ಟಿಗೆ ಇಳಿಸಿಕೊಡಲು ಹೋದವನು ನಾನು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡೆ. ಯಾಕೆ ಒರೆಸಿಕೊಂಡೆನೋ ತಿಳಿಯದು. ಕೈಯಲ್ಲಿ ಏನೂ ಇರಲಿಲ್ಲ.

ನಾವು ಐದು ಜನ. ಉತ್ತರ ಕನ್ನಡದ ಕಡಲ ದಂಡೆಯ ಮೀನುಗಾರ ಹರಿಕಂತ್ರರು, ಊರೆಲ್ಲ ಸೇರಿ ದಂಡೆಗೆ ಎಳೆಯುವ ದೊಡ್ಡ ರಂಪಣಿ ಬಲೆಯ ಮನೆತನದವರು. ಮೇಡಂ ಅವರ ಯಜಮಾನರು ಚಂದ್ರಮೌಳಿ, ಪರ್ತ್‌ನಲ್ಲಿ ದೊಡ್ಡ ಹೃದಯದ ಡಾಕ್ಟರು. ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೆ ಪರ್ತ್‌ನಿಂದ ಐದು ತಾಸು ದಕ್ಷಿಣಕ್ಕಿರುವ ಈ ಕೊಲ್ಲಿಯಲ್ಲಿ ಸಾಲ್ಮನ್ ಹಿಡಿಯುವ ಲೈಸೆನ್ಸು ಅವರ ಕುಟುಂಬದ ಟ್ರಸ್ಟಿನ ಹೆಸರಿನಲ್ಲಿತ್ತು. ವ್ಯವಹಾರ ನೋಡಿಕೊಳ್ಳುವವನು ಮಗ ಕೌಸ್ತುಭ್. ನಾವು ಹಿಡಿದ ಮೀನು ಯಾರ ತಟ್ಟೆಗೂ ಹೋಗುತ್ತಿರಲಿಲ್ಲ. ಕೊಚ್ಚಿ, ಹೆಪ್ಪುಗಟ್ಟಿಸಿ, ಲಾಬ್‌ಸ್ಟರ್ ಹಿಡಿಯುವ ಬುಟ್ಟಿಗಳಿಗೆ ಎರೆಯಾಗಿ ಹಾಕುತ್ತಿದ್ದರು.

ಅಂದು ಮಾರ್ಚಿನ ಮೊದಲ ಸೋಮವಾರ, ಅಲ್ಲಿನ ಲೇಬರ್ ಡೇ. ರಾಜ್ಯಕ್ಕೆಲ್ಲ ರಜೆ. ಹಾಗಾಗಿ ಮನೆಮಂದಿ ಮೀನು ಹಿಡಿಯುವುದನ್ನು ನೋಡಲು ಬಂದಿದ್ದರು.

ಡಾಕ್ಟರು ಇಳಿದು ಬೆನ್ನು ಹಿಗ್ಗಿಸಿದರು. ಅವರ ಕಂಕುಳಲ್ಲಿ ನೀಲಿ ಫೈಲ್. ನನ್ನ ಕಣ್ಣು ಅದರ ಮೇಲೆ ಬಿದ್ದದ್ದು ಅವರಿಗೂ ಕಂಡಿತು.

"ತಂದಿದೀನಪ್ಪಾ, ತಂದಿದೀನಿ. ನಿಂದು, ಗಣಪತೀದು ಎರಡೂ ಇದೆ. ಸಾಯಂಕಾಲ ಸೈನ್ ಮಾಡ್ಬಿಡ್ತೀನಿ. ಮೊದ್ಲು ನಿಮ್ಮ ಕೈಚಳಕ ತೋರ್ಸಿ."

ಆ ಕಾಗದಕ್ಕೆ ಅವರ ಸಹಿ ಬಿದ್ದರೆ ನನ್ನ ವೀಸಾ ಮುಂದುವರಿಯುತ್ತದೆ. ಬೀಳದಿದ್ದರೆ ಮೇ ತಿಂಗಳಿಗೆ ಮುಗಿಯಿತು. ಹೆಂಡತಿ ವನಜಾ ಅಡಿಲೇಡ್‌ನ ಒಂದು ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುತ್ತಾಳೆ. ಮಗಳು ಜ್ಯೋತ್ಸ್ನಾ ಅಲ್ಲೇ ಹತ್ತನೇ ತರಗತಿ. ಡಾಕ್ಟರು ನನ್ನನ್ನು ಅಡಿಲೇಡ್‌ನಿಂದ ಈ ಕೊಲ್ಲಿಗೆ ತಂದು ಹಾಕಿ ಎರಡು ವರ್ಷ. ನನ್ನ ವೀಸಾದ ಬಾಲ ಹಿಡಿದುಕೊಂಡೇ ಅವರಿಬ್ಬರೂ ಈ ದೇಶದಲ್ಲಿ ನಿಂತಿದ್ದರು. ಹಿಂದಿನ ರಾತ್ರಿ ಫೋನಿನಲ್ಲಿ ವನಜಾ ಹೇಳಿದ್ದು ಒಂದೇ ಮಾತು: "ಅವರು ಎಂತಾ ಅಂದ್ರೂ ನೀವು ಬಾಯಿ ಮುಚ್ಕಂಡು ಇರಿ."

ಮುಚ್ಚಿಕೊಂಡೇ ಇದ್ದೆ. ಮೇಡಂ ದೋಣಿಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ತೆಂಗಿನಕಾಯಿ ಒಡೆದು, ಆಮೇಲೆ ಪರ್ಸಿನಿಂದ ಸ್ಯಾನಿಟೈಸರ್ ತೆಗೆದು ಎರಡೂ ಕೈಗೆ ತಿಕ್ಕಿಕೊಂಡಾಗ, ಗಣಪತಿ ದಿಬ್ಬದ ಮೇಲಿನಿಂದಲೇ ನನ್ನನ್ನು ನೋಡಿ ನಕ್ಕ. ನಾನು ನಗಲಿಲ್ಲ.

ಗಣಪತಿಗೆ ಮೂವತ್ತೆರಡು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನೀರಿನೊಳಗಿನ ಮೀನನ್ನು ನೀರಿನ ಬಣ್ಣದಿಂದ ಗುರುತಿಸುವ ಕಣ್ಣು ಅವನದು, ಅವನಪ್ಪನಿಂದ ಬಂದದ್ದು. ಮರಳ ದಿಬ್ಬದ ಮೇಲೆ ಬೆಳಗಿನಿಂದ ಬೈಗಿನವರೆಗೆ ಕೊಕ್ಕರೆಯ ಹಾಗೆ ಕೂರುತ್ತಿದ್ದ. ಅವನಿಗೆ ಹತ್ತು ಮಾರು ದೂರದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದವಳು ಆಂಟಿ ಪರ್ಲ್.

ಆಂಟಿ ಎಂದರೆ ನಮ್ಮ ಆಂಟಿಯಲ್ಲ. ಅವಳು ಆ ನೆಲದ ಮೂಲನಿವಾಸಿ. ಅವರಲ್ಲಿಯೂ ಹಿರಿಯ ಹೆಂಗಸನ್ನು ಆಂಟಿ ಎಂದೇ ಕರೆಯುತ್ತಾರೆ. ವರ್ಷವೂ ಮೀನು ಬರುವ ಹೊತ್ತಿಗೆ ಅವಳು ಈ ಕೊಲ್ಲಿಗೆ ಬರುತ್ತಿದ್ದಳು, ಅವಳ ಅಜ್ಜಿ ಬರುತ್ತಿದ್ದಂತೆ. ಈ ಮೀನಿಗೆ ಸಾಲ್ಮನ್ ಎನ್ನುವುದು ತಪ್ಪು ಎನ್ನುವಳು. ಬಿಳಿಯರು ಬಂದಾಗ ತಮ್ಮೂರಿನ ನೆನಪಿಗೆ ಇಟ್ಟ ಹೆಸರಂತೆ ಅದು. ಅವಳ ಬಾಯಲ್ಲಿ ಅದು ಙಾರಿ. ಶಾಲೆಯಲ್ಲಿ ಮೇಷ್ಟ್ರು ತಿದ್ದಿಸಿದ ಆ ಅಕ್ಷರವನ್ನು ಬಳಸುವ ಒಂದು ಮಾತು ನನಗೆ ಸಿಕ್ಕಿದ್ದು ಐವತ್ತು ದಾಟಿದ ಮೇಲೆ, ಈ ದಂಡೆಯಲ್ಲಿ.

ನಮ್ಮ ಹರುಕು ಇಂಗ್ಲಿಷಿಗೆ ಅವಳು ನಿಧಾನವಾಗಿ ಹೇಳಿದ್ದಳು. ಈ ಮೀನು ಬಸುರಿಯಾಗಿ ಬರುತ್ತದೆ. ಅಡಿಲೇಡ್ ಕಡೆಯ ನೀರಿನಿಂದ ದಂಡೆ ಹಿಡಿದು ಪಡುವಣಕ್ಕೆ ಬರುತ್ತದೆ. ಇಲ್ಲಿ ಮೊಟ್ಟೆ ಬಿಡುತ್ತದೆ. ಮರಿಗಳನ್ನು ಕಡಲ ಸೆಳೆತ ಮತ್ತೆ ಮೂಡಣಕ್ಕೆ ಒಯ್ಯುತ್ತದೆ. ಅಲ್ಲಿ ಹುಲ್ಲು ಬೆಳೆದ ನೀರಿನಲ್ಲಿ ನಾಲ್ಕೈದು ವರ್ಷ ಬೆಳೆದು, ದೊಡ್ಡವಾಗಿ, ಯಾರೂ ದಾರಿ ತೋರಿಸದೆ ಇಲ್ಲಿಗೇ ಬರುತ್ತವೆ. ಇದು ಬಂದರೆ ಎಲ್ಲರಿಗೂ ಊಟ, ಎಂದಿದ್ದಳು. ಇದಕ್ಕೆ ಹೆದರಿ ಮೇಲೆ ಹಾರುವ ಚಿಕ್ಕ ಮೀನು ಹಕ್ಕಿಗೆ, ಇದು ಡಾಲ್ಫಿನ್‌ಗೆ, ಶಾರ್ಕಿಗೆ, ಗಿಡುಗಕ್ಕೆ, ನಮಗೆ. ಒಬ್ಬರೇ ತಿಂದರೆ ಮುಂದಿನ ವರ್ಷ ಎಲ್ಲರೂ ಉಪವಾಸ.

ನನಗೆ ಆ ಮರಿಗಳು ಗೊತ್ತಿದ್ದವು. ಅಡಿಲೇಡ್‌ನ ಗ್ಲೆನೆಲ್ಗ್ ಜೆಟ್ಟಿಯಲ್ಲಿ ಭಾನುವಾರ ಗಾಳ ಹಾಕಿ ಕೂತಾಗ ಬೆನ್ನಿನ ಮೇಲೆ ಕಂದು ಚುಕ್ಕೆಯ ಗೇಣುದ್ದದ ಮೀನು ಸಿಗುತ್ತಿತ್ತು. ಜ್ಯೋತ್ಸ್ನಾ ಹಟ ಮಾಡಿ ಬಿಡಿಸುತ್ತಿದ್ದಳು, "ಇಟ್ಸ್ ಎ ಬೇಬಿ, ಪಪ್ಪಾ" ಎಂದು. ಅವೇ ಇವು.

"ಬಾಲಣ್ಣಾ! ಕಪ್ಪು!"

ಗಣಪತಿ ಎದ್ದು ನಿಂತಿದ್ದ. ಕೊಲ್ಲಿಯ ಮೂಲೆಯಲ್ಲಿ ಮೋಡದ ನೆರಳು ಬಿದ್ದಂತೆ ಒಂದು ಕಪ್ಪು ಹಾಳೆ, ಒಂದು ಗದ್ದೆಯಷ್ಟು ಅಗಲ, ಮೆಲ್ಲಗೆ ಸರಿಯುತ್ತಿತ್ತು. ಮೋಡವೇ ಇಲ್ಲದ ದಿನ.

ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಗಂಗಾಮಾತೆ ಎಲ್ಲ ದೇಶದಲ್ಲೂ ಒಬ್ಬಳೇ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ದೋಣಿಯಲ್ಲಿ ಮೂವರು ಸದ್ದಿಲ್ಲದೆ ಹೊರಟು, ಬಲೆ ಬಿಡುತ್ತ ಅರ್ಧ ಚಂದ್ರ ಬರೆದು, ಇನ್ನೊಂದು ತುದಿಯನ್ನು ದಂಡೆಗೆ ತಂದೆವು. ಕಪ್ಪು ಹಾಳೆ ಒಳಗೇ ಉಳಿಯಿತು. ನೀರು ಕುದಿಯತೊಡಗಿತು.

ಹಗ್ಗವನ್ನು ಕೌಸ್ತುಭನ ಜೀಪಿಗೆ ಕಟ್ಟಿ ಎಳೆಯುವುದು ಅಲ್ಲಿನ ಪದ್ಧತಿ. ಆದರೆ ಅಂದು ಭಾರ ಹೆಚ್ಚು. ಜೀಪಿನ ಗಾಲಿ ಗಿರಗಿರ ತಿರುಗಿ ಅಚ್ಚಿನ ತನಕ ಮರಳಿನಲ್ಲಿ ಹೂತುಹೋಯಿತು.

"ಪುಲ್! ಕೈಯಲ್ಲಿ ಎಳೀರಿ! ಕಮಾನ್, ಎಳೀರೋ!" ಎಂದು ಅವನು ಒಳಗಿನಿಂದಲೇ ಕೂಗಿದ.

ಐದು ಜನ ಎಳೆದೆವು. ಹಗ್ಗ ಅಂಗೈ ಸುಲಿಯಿತು. ಅಲೆ ಹಿಂದಕ್ಕೆ ಹೋದಾಗಲೆಲ್ಲ ನಮ್ಮನ್ನೂ ಎಳೆದುಕೊಂಡು ಹೋಗುತ್ತಿತ್ತು. ಡಾಕ್ಟರು ಫೋನ್ ಹಿಡಿದು ಓಡಾಡುತ್ತ, "ಈ ಕಡೆ ನೋಡಿ, ಹಾಂ, ಹಾಗೇ. ಆ ಐಸಾ ಐಸಾ ಅಂತ ಹಾಡ್ತೀರಲ್ಲ, ಅದನ್ನ ಹಾಡಿ" ಎಂದರು. ಮುಂದಿನ ವಾರ ಕನ್ನಡ ಸಂಘದಲ್ಲಿ ಅವರ ಭಾಷಣವಿತ್ತಂತೆ, ಸಮುದ್ರ ಉಳಿಸುವ ಬಗ್ಗೆ.

"ಸಾರ್, ಒಂದ್ ಕೈ ಹಾಕಿ" ಎಂದ ಗಣಪತಿ.

"ನಂಗೆ ಬೆನ್ನು ಕಣಪ್ಪಾ."

ಆಗ ನನ್ನ ಹಿಂದೆ ಹಗ್ಗ ಬಿಗಿಯಾಯಿತು. ತಿರುಗಿ ನೋಡಿದರೆ ಆಂಟಿ ಪರ್ಲ್. ಲಂಗ ಮೊಣಕಾಲಿಗೆ ಕಟ್ಟಿ, ಹಗ್ಗವನ್ನು ಸೊಂಟಕ್ಕೆ ಸುತ್ತಿ, ಹಿಮ್ಮಡಿ ಮರಳಿಗೆ ಊರಿದ್ದಳು. ಎಪ್ಪತ್ತರ ಮೇಲಿನ ಮುದುಕಿ. ಅವಳಿಗೆ ಎಳೆಯುವ ಲಯ ಗೊತ್ತಿತ್ತು. ಅಲೆ ಬಂದಾಗ ಎಳೆ, ಹೋದಾಗ ಹಿಡಿ. ಯಾರೂ ಕಲಿಸಬೇಕಿರಲಿಲ್ಲ. ಒಂದು ಗಂಟೆ ಎಳೆದಳು. ಬಲೆಯ ಹೊಟ್ಟೆ ದಂಡೆಗೆ ಬಂತು.

ತೊಡೆಯಷ್ಟು ದಪ್ಪದ ಮೀನು, ಬೆನ್ನು ಹಸಿರುಗಪ್ಪು, ಹೊಟ್ಟೆ ಬೆಳ್ಳಿ. ಸಾವಿರಗಟ್ಟಲೆ.

ಗಣಪತಿ ಆಗ ಮಾಡಿದ್ದು ನಮ್ಮ ಐವರಲ್ಲಿ ಯಾರಾದರೂ ಮಾಡುವಂಥದ್ದೇ. ರಂಪಣಿಯಲ್ಲಿ ಹಗ್ಗ ಮುಟ್ಟಿದವರಿಗೆಲ್ಲ ಪಾಲು. ದಾರಿಹೋಕ, ವಿಧವೆ, ಬಸ್ಸು ತಪ್ಪಿಸಿಕೊಂಡು ನಿಂತವನು, ಯಾರೇ ಇರಲಿ. ಬಲೆಯ ಒಡೆಯನ ಲೆಕ್ಕ ಶುರುವಾಗುವುದು ಅವರ ಕೈಗೆ ಮೀನು ಬಿದ್ದ ಮೇಲೆ. ಗಣಪತಿ ಯೋಚಿಸಲೂ ಇಲ್ಲ. ಎರಡು ಮೀನು ಎತ್ತಿ, ಕಿವಿರಿಗೆ ಹಗ್ಗದ ಚೂರು ಪೋಣಿಸಿ, ಆಂಟಿ ಪರ್ಲ್ ಕೈಗೆ ಕೊಟ್ಟ. ಅವಳೂ ಯೋಚಿಸಲಿಲ್ಲ. ತೆಗೆದುಕೊಂಡಳು.

"ಓಯ್! ವಾಟ್ ದ ಹೆಲ್?" ಕೌಸ್ತುಭ್ ಓಡಿಬಂದ. "ಹೂ ಟೋಲ್ಡ್ ಯು ಟು ಗಿವ್? ದಟ್ಸ್ ಸ್ಟೀಲಿಂಗ್, ಮೇಟ್."

"ಅಲ್ಲಾ ಒಡೆಯಾ, ಹಗ್ಗ ಹಿಡ್ದಾರಲ್ಲ ಅವ್ರು..."

"ಸೋ? ನಾನ್ ಕರೆದ್ನಾ?"

ಡಾಕ್ಟರು ಹತ್ತಿರ ಬಂದರು. ಅವರು ಎಂದೂ ದನಿ ಎತ್ತುವವರಲ್ಲ. "ಗಣಪತಿ, ನಿಮ್ಮ ಕಡೆ ಜನದ ಬುದ್ಧೀನೇ ಇಷ್ಟು ಕಣೋ. ಸಿಕ್ಕಿದ್ದನ್ನ ಹಂಚ್ಕೊಂಡು ತಿಂದು ಖಾಲಿ ಮಾಡೋದು. ಅದಕ್ಕೇ ಮೂರು ತಲೆಮಾರಾದ್ರೂ ಲುಂಗೀಲೇ ಇದೀರಾ. ಎರಡು ಮೀನು ದೊಡ್ಡದಲ್ಲ. ಅಭ್ಯಾಸ ಆಗ್ಬಾರ್ದು. ಇವತ್ತು ಎರಡು, ನಾಳೆ ಅವಳ ಸಂತಾನವೆಲ್ಲ ಬಂದು ಕೂತ್ಕೊಳುತ್ತೆ." ಆಮೇಲೆ ನನ್ನ ಕಡೆ ತಿರುಗಿದರು. "ಬಾಲಕೃಷ್ಣ, ನೀನು ಹಿರಿಯ. ಹೋಗಿ ಇಸ್ಕೊಂಡ್ ಬಾ."

ನೀಲಿ ಫೈಲ್ ಇನ್ನೂ ಕಂಕುಳಲ್ಲೇ ಇತ್ತು.

ನಾನು ಹೋದೆ. ಹತ್ತು ಹೆಜ್ಜೆ. ಅವಳ ಕಣ್ಣು ನೋಡಲಿಲ್ಲ, ಕೈ ನೋಡಿದೆ. ಹಗ್ಗ ಉಜ್ಜಿ ಅಂಗೈ ಸುಲಿದು, ಉಪ್ಪುನೀರು ಸೇರಿ ಕೆಂಪಗಾಗಿತ್ತು. ನನ್ನ ಅಂಗೈಯ ಹಾಗೆಯೇ. ನಾನು ಕೈ ಚಾಚಿದೆ. ಅವಳು ಬೆರಳು ಬಿಡಿಸಿದಳು. ಮೀನಿನ ಭಾರ ಅವಳಿಂದ ನನಗೆ ಬಂತು. ಮೀನು ತುಂಬಲು ನಿಂತಿದ್ದ ಐಸ್ ಟ್ರಕ್ಕಿನ ತನಕ ಅದನ್ನು ಹೊತ್ತು ನಡೆದ ದಾರಿ ಕಾರವಾರದಿಂದ ಇಲ್ಲಿಗೆ ಬಂದ ದಾರಿಗಿಂತ ಉದ್ದವಿತ್ತು.

"ಥೂ" ಎಂದು ಗಣಪತಿ ಉಗಿದ. ಮರಳಿಗೆ ಉಗಿದನೋ ನನಗೋ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟ್ರಕ್ ತುಂಬಿತು. ಬಲೆಯಲ್ಲಿ ಕಾಲು ಭಾಗವೂ ಕಡಿಮೆಯಾಗಿರಲಿಲ್ಲ. ಇನ್ನೊಂದು ಟ್ರಕ್ ಬರುವುದು ನಾಳೆ ಬೆಳಿಗ್ಗೆ, ಇವತ್ತು ರಜೆ. ಉಳಿದದ್ದನ್ನು ಬಿಡಬೇಕೆಂದು ಲೈಸೆನ್ಸಿನಲ್ಲೇ ಇದೆ ಎಂದು ಕೌಸ್ತುಭನೇ ಒಂದು ಸಲ ನಮಗೆ ಓದಿ ಹೇಳಿದ್ದ. ಈಗ ಅವನು ಬಲೆಯ ಬಾಯಿ ಬಿಗಿಸಿ ಎರಡು ಲಂಗರಿಗೆ ಕಟ್ಟಿಸಿದ.

"ನಾಳೆ ತನಕ ಹಿಂಗೇ ಇರ್ಲಿ. ನೋಬಡೀಸ್ ವಾಚಿಂಗ್."

"ಸಾಯ್ತಾವೆ" ಎಂದ ಗಣಪತಿ. "ಮೊಣಕಾಲು ನೀರು. ಈ ಬಿಸ್ಲು. ಒಂದ್ರ ಮೇಲೊಂದು ಬಿದ್ಕಂಡು ಸಂಜೆ ಒಳ್ಗೆ ಸಾಯ್ತಾವೆ. ಸತ್ತು ಕೊಳ್ತದ್ದು ನಿಮ್ಗೂ ಬ್ಯಾಡ."

"ಸತ್ರೆ ದಿಬ್ಬದ್ ಹಿಂದೆ ಹೂಳೋಣ. ಹೋದ್ ವರ್ಷಾನೂ ಹೂತಿದೀವಿ. ಲಾಬ್‌ಸ್ಟರ್‌ಗೆ ಹಾಕೋ ಬೇಟ್ ಅಷ್ಟೇ ಅಲ್ವಾ? ಚಿಲ್, ಮೇಟ್."

ಮನೆಮಂದಿ ಟೆಂಟಿನ ನೆರಳಿನಲ್ಲಿ ಪುಳಿಯೋಗರೆ ತಿಂದರು. ನಮ್ಮದನ್ನು ಕಾಗದದ ತಟ್ಟೆಗೆ ಹಾಕಿ ಮೇಡಂ ಮರಳಿನ ಮೇಲಿಟ್ಟು, ಹಿಂದೆ ಸರಿದು, "ತಗೊಳ್ಳಿ" ಎಂದರು. ಗಣಪತಿ ತಿನ್ನಲಿಲ್ಲ. ಬಲೆಯ ಹತ್ತಿರ ಕೂತಿದ್ದ. ಒಂದೊಂದಾಗಿ ಬಿಳಿ ಹೊಟ್ಟೆಗಳು ಮೇಲಾಗುತ್ತಿದ್ದವು. ಒತ್ತಡಕ್ಕೆ ಬಸುರಿ ಮೀನುಗಳಿಂದ ಮೊಟ್ಟೆ ಒಸರಿ, ಅಲೆಯ ನೊರೆ ಗಂಜಿಯ ಹಾಗೆ ಮಂದವಾಗಿ ನಮ್ಮ ಪಾದ ಮುಟ್ಟುತ್ತಿತ್ತು. ಬಲೆಯ ಆಚೆ ಡಾಲ್ಫಿನ್‌ಗಳು ಅತ್ತಿತ್ತ ಓಡಾಡುತ್ತಿದ್ದವು. ಹಕ್ಕಿಗಳು ಚೀರುತ್ತಿದ್ದವು.

"ತಮಾ, ಊಟ ಮಾಡು" ಎಂದೆ.

"ಬಾಲಣ್ಣಾ, ನಿಂಗೆ ನಮ್ಮೂರ ರಂಪಣಿ ಹ್ಯಾಗೆ ಸತ್ತಿತು ನೆನಪದ್ಯಾ?"

ನೆನಪಿಲ್ಲದೆ ಏನು. ನಾನು ಅಪ್ಪನ ಹೆಗಲ ಮೇಲಿದ್ದ ಕಾಲ. ದುಡ್ಡಿದ್ದವರು ಯಂತ್ರದ ದೋಣಿ, ದೊಡ್ಡ ಬಲೆ ತಂದರು. ದಂಡೆಗೆ ಬರುವ ಮೊದಲೇ ಬಂಗಡೆಯನ್ನು ಮರಿ ಮೊಟ್ಟೆ ಸಮೇತ ಎತ್ತಿಕೊಂಡರು. ಮಾರಿದ್ದು ಮಾರಿ, ಮಿಕ್ಕದ್ದನ್ನು ಗೊಬ್ಬರಕ್ಕೆ ಹಾಕಿದರು. ಎರಡು ವರ್ಷ ನಮ್ಮವರು ದಂಡೆಯಲ್ಲಿ ನಿಂತು ನೀರು ನೋಡಿದರು. ಕಪ್ಪು ಬರಲೇ ಇಲ್ಲ.

"ಆಗ ನಮ್ಮಪ್ಪ ಎಂತಾ ಮಾಡ್ದಾ? ಅವ್ರ ದೋಣಿಗೇ ಕೂಲಿಗೆ ಹೋದಾ. ನಾ ಇಲ್ಲಿ ಮಾಡ್ತಾ ಇದ್ದದ್ದೂ ಅದೇಯಾ."

"ಸಹಿ ಆಗ್ಲಿ ಮಾರಾಯಾ. ಸಂಜೆ ತನ್ಕ ತಡ್ಕೋ. ನಿನ್ನ ಕಾಲ್ ಹಿಡೀತೆ. ನಂಗೆ ಮಗಳಿದ್ದಾಳೆ."

"ಸಂಜೆಗೆ ಇವೆಲ್ಲ ಹೆಣಾ."

"ಮೀನಪ್ಪಾ ಅದು! ಮೀನಿಗೋಸ್ಕರ ಯಾವ ಬೋಳಿಮಗ ಬದ್ಕು ಕಳ್ಕಂತಾನೆ?"

ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. "ಮೀನಿಗಲ್ಲಾ ಬಾಲಣ್ಣಾ" ಎಂದು ಎದ್ದು ಅಂಗಿ ಕಳಚಿದ.

ರಂಪಣಿ ಒಂದೇ ಬಲೆಯಲ್ಲ. ಮನೆಗೊಂದು ತುಂಡಿನಂತೆ ತಂದು, ಹೊಲಿದು ಒಂದು ಮಾಡಿದ್ದು. ಕೆಲಸ ಮುಗಿದ ಮೇಲೆ ಅವರವರ ತುಂಡು ಅವರವರಿಗೆ ಬಿಡಿಸಿ ಕೊಡಬೇಕಾದ್ದರಿಂದ ನಮ್ಮವರ ಹೊಲಿಗೆಗೆ ಒಂದು ತುದಿ ಇರುತ್ತದೆ. ಅದನ್ನು ಎಳೆದರೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಹರಿದ ಬಲೆಗಳನ್ನು ಸೇರಿಸುವಾಗಲೂ ನಾವು ಹಾಕಿದ್ದು ಅದೇ ಹೊಲಿಗೆ. ನಮಗೆ ಬೇರೆ ಬಾರದು. ಕೌಸ್ತುಭನಿಗೆ ಅದು ಗೊತ್ತಿರಲಿಲ್ಲ. ನಮಗೆ ಐವರಿಗೂ ಗೊತ್ತಿತ್ತು.

ಗಣಪತಿ ಬಲೆಯ ಹೊರ ಅಂಚಿಗೆ, ಆಳದ ಕಡೆ, ಕಂಠದ ತನಕ ನೀರಿಗೆ ಇಳಿದು ಮುಳುಗಿದ. ನಾನು ದಂಡೆಯಲ್ಲಿ ನಿಂತು ಎಣಿಸಿದೆ. ಅವನು ಏಳುವ ಮೊದಲೇ ಬೆಂಡುಗಳ ಸಾಲು ನಡುವೆ ಕಡಿದು ಎರಡು ಕಡೆಗೆ ಸರಿಯಿತು. ಕಪ್ಪು ಹಾಳೆ ಒಂದು ಸಲ ನಡುಗಿತು. ಆಮೇಲೆ ಆ ಸೀಳಿಗೆ ನುಗ್ಗಿತು. ನೀರು ಕೂಗಿದಂತಾಯಿತು. ಗಣಪತಿ ಆ ಹೊನಲಿನ ನಡುವೆ ಎದ್ದು ನಿಂತಿದ್ದ. ಮೀನುಗಳು ಅವನ ಎದೆಗೆ, ಬೆನ್ನಿಗೆ ಬಡಿಯುತ್ತ ಇಬ್ಬದಿಯಿಂದ ಹೊರಟುಹೋದವು. ಸತ್ತವು ಉಳಿದವು. ಆಚೆ ಹಕ್ಕಿಗಳು ಬಿದ್ದವು, ಡಾಲ್ಫಿನ್ ನೆಗೆದವು, ಅವುಗಳ ಪಾಲು ಅವು ತೆಗೆದುಕೊಂಡವು. ಹೆಚ್ಚಿನವು ಪಡುವಣಕ್ಕೆ ತಿರುಗಿದವು.

ಕೌಸ್ತುಭ್ ನೀರಿನ ಅಂಚಿನ ತನಕ ಓಡಿ, ಶೂ ಒದ್ದೆಯಾಗುತ್ತದೆಂದು ನಿಂತು, ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದ. ಎಲ್ಲ ಇಂಗ್ಲಿಷಿನಲ್ಲೇ. ಗಣಪತಿ ದಂಡೆಗೆ ಬಂದು ಮುಖ ಒರೆಸಿಕೊಂಡು ಹೇಳಿದ, "ಕನ್ನಡದಲ್ಲಿ ಬೈ ತಮಾ. ನಮ್ಗೂ ಅರ್ಥ ಆಗ್ಲಿ."

ಡಾಕ್ಟರು ಬೈಯಲಿಲ್ಲ. ಟೆಂಟಿನಿಂದ ನನ್ನನ್ನು ಕೈ ಮಾಡಿ ಕರೆದರು. ಮೊದಲ ಸಲ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ನೋಡು ಬಾಲಕೃಷ್ಣ. ಬಲೆ ತಾನಾಗೇ ಬಿಚ್ಚಿಕೊಳ್ಳಲ್ಲ. ಹೊಲಿಗೆ ಬೇಕೂಂತ ಎಳೆದಿದಾನೆ. ನೀನು ನೋಡಿದೀಯ. 'ಗಣಪತಿ ಬಲೆ ಹಾಳು ಮಾಡಿದ್ದನ್ನು, ಮೀನು ಕದ್ದು ಆ ಹೆಂಗಸಿಗೆ ಕೊಟ್ಟದ್ದನ್ನು ಕಂಡೆ' ಅಂತ ಎರಡು ಲೈನ್ ಬರ್ದುಕೊಡು. ಸಾಕು." ನೀಲಿ ಫೈಲ್ ತೆರೆದು ನನ್ನ ಕಾಗದವನ್ನು ಮೇಲಿಟ್ಟರು. ನನ್ನ ಫೋಟೋ, ಹೆಸರು, ಅದರ ಕೆಳಗೆ ವನಜಾ, ಅದರ ಕೆಳಗೆ ಜ್ಯೋತ್ಸ್ನಾ. ಅವರ ಸಹಿಯ ಜಾಗ ಖಾಲಿ. "ನೀನು ಬರೀತಿದ್ದ ಹಾಗೇ ನಾನೂ ಸೈನ್ ಹಾಕ್ತೀನಿ. ಇಲ್ಲೇ. ನಿನ್ ಕಣ್ಮುಂದೆ."

ಪೆನ್ನು ಚಾಚಿದರು. ಮೇಡಂ ಒಂದು ಟಿಶ್ಯೂ ಚಾಚಿದರು, ಕೈ ಒರೆಸಿಕೊಂಡು ಮುಟ್ಟಲಿ ಎಂದು.

ಉಳಿದ ಮೂವರು ಬಲೆ ಮಡಚುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಗಣಪತಿ ನೋಡಲಿಲ್ಲ. ಮರಳಿನ ಮೇಲೆ ಕೂತು ಕಾಲಿಗೆ ಚುಚ್ಚಿದ ರೆಕ್ಕೆಮುಳ್ಳನ್ನು ತೆಗೆಯುತ್ತಿದ್ದ.

ಜ್ಯೋತ್ಸ್ನಾ ಎಂಬ ಹೆಸರನ್ನು ಇನ್ನೊಂದು ಸಲ ಓದಿದೆ. ಅಕ್ಷರ ತಪ್ಪಿಲ್ಲದೆ ಬರೆದಿದ್ದರು.

ಪೆನ್ನು ಮುಟ್ಟಲಿಲ್ಲ. ತಿರುಗಿ ಟ್ರಕ್ಕಿನ ಹತ್ತಿರ ನಡೆದೆ. "ಬಾಲಾ? ಬಾಲಾ!" ಎಂದು ಕೌಸ್ತುಭ್ ಕೂಗಿದ. ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಆಗ ನಾನೇ ಇಟ್ಟಿದ್ದ ಮೂಲೆಯಲ್ಲಿ ಮಂಜುಗಡ್ಡೆಯನ್ನೂ ಮೇಲಿನ ಮೀನನ್ನೂ ಸರಿಸಿದೆ. ಕಿವಿರಿಗೆ ಹಗ್ಗದ ಚೂರು ಪೋಣಿಸಿದ್ದ ಆ ಎರಡು ಮೀನು ಕೈಗೆ ಸಿಕ್ಕವು. ಇಳಿದೆ. ಆಂಟಿ ಪರ್ಲ್ ದಿಬ್ಬದ ಕೆಳಗೆ ಕುರ್ಚಿ ಮಡಚಿ ಹೊರಡಲು ನಿಂತಿದ್ದಳು.

ಈ ಸಲ ಅವಳ ಕಣ್ಣು ನೋಡಿದೆ. ಹಗ್ಗದ ಚೂರನ್ನು ಅವಳ ಸುಲಿದ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದೆ.